ಟವಲಿನಲ್ಲಿ ಒರೆಸಿ ಕೊಟ್ಟ ವಾಚು

ವಾಚುಗಳ ಬಗ್ಗೆ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ಹಗಲು ದುಡಿದು ಸಂಜೆ ತರಗತಿಯಲ್ಲಿ ಓದಿದವನು. ಪತ್ರಿಕೆಯ ಈ ಪುಟದಲ್ಲಿ ಬರೆಯುವವರ ಸಾಲಿನವನೂ ಅಲ್ಲ. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ. ಗುಂಡ್ಲುಪೇಟೆಯಲ್ಲಿ ವಾಚು ರಿಪೇರಿ ಮಾಡುವ ರಂಗನಾಯಕರನ್ನು ಈಗಾಗಲೇ ಸಾಕಷ್ಟು ಜನ ಫೋನಿನಲ್ಲಿ ನೋಡಿ, ನಕ್ಕು, ತೀರ್ಪು ಕೊಟ್ಟು, ಮುಂದಿನವರಿಗೆ ಕಳಿಸಿದ್ದಾರೆ. ಅವರ ಬಗ್ಗೆ ಇನ್ನೊಬ್ಬನೂ ಮಾತಾಡಬೇಕೇ ಎಂದು ಬಹಳ ಯೋಚಿಸಿದೆ. ತಪ್ಪು ಕಂಡರೆ ಓದುಗರೂ ಅವರೂ ಕ್ಷಮಿಸಬೇಕು.

ಬೆಳಿಗ್ಗೆ ಬಸ್ ನಿಲ್ದಾಣದ ಎದುರಿನ ಬೇಕರಿ ಇನ್ನೂ ಬಾಗಿಲು ತೆರೆದಿಲ್ಲ. ಅದರ ಮೆಟ್ಟಿಲ ಪಕ್ಕ, ಗಾಜಿನ ಪೆಟ್ಟಿಗೆ ಕೂರಿಸಿದ ಪುಟ್ಟ ಮೇಜಿನ ಹಿಂದೆ ರಂಗನಾಯಕರು ಆಗಲೇ ಕೂತಿದ್ದಾರೆ. ತೆರಕಣಾಂಬಿಯ ಬಸ್ಸು ಬಂದು ನಿಂತು, ಜನ ಇಳಿದು, ಧೂಳು ಎದ್ದರೂ ತಲೆ ಎತ್ತುವುದಿಲ್ಲ. ಕೈಯಲ್ಲೊಂದು ಹಳೆಯ ಹೆಂಗಸರ ವಾಚು. ಅದರ ಗಾಜಿನ ಮೇಲೆ ಒಂದಿಷ್ಟು ಕಾಡಿಗೆ ಸವರಿ, ತಗಡಿನ ಡಬ್ಬಿಯಿಂದ ತೆಗೆದ ಒಗೆದ ಬಟ್ಟೆಯಲ್ಲಿ ಒರೆಸುತ್ತಾರೆ. ಕಾಡಿಗೆ ಗೀರುಗಳೊಳಗೆ ಮಾತ್ರ ಉಳಿಯುತ್ತದೆ. ವಾಚನ್ನು ಸೂರ್ಯನ ಕಡೆಗೆ ಓರೆ ಹಿಡಿದು ನೋಡುತ್ತಾರೆ.

"ನೆತ್ತಿ ಮ್ಯಾಲೆ ಬಿಸ್ಲು ಬಂದ್ರೆ ಗೀರು ಅಡಗ್ಕೊಂಬುಡ್ತದೆ ಸಾ. ಈ ಓರೆ ಬೆಳಕಲ್ಲಿ ಅದ್ಕೆ ಅಡಗಕ್ಕೆ ಜಾಗ ಇಲ್ಲ."

ಆಮೇಲೆ ಪಾಲಿಶ್ ಪುಡಿ, ಒಂದು ಹನಿ ನೀರು, ಹೆಬ್ಬೆರಳು. ಉಜ್ಜುವುದು, ತೊಳೆಯುವುದು, ಮತ್ತೆ ಓರೆ ಹಿಡಿಯುವುದು. ಈ ಕೆಲಸ ಕಲಿತದ್ದು ವಾಚಿನ ಅಂಗಡಿಯಲ್ಲಲ್ಲ. ಹತ್ತಿರದ ಹಳ್ಳಿ ಭೀಮನಬೀಡಿನ ಈ ಮನುಷ್ಯ ಹರೆಯದಲ್ಲಿ ಚಾಮರಾಜನಗರದ ಕಡೆ ಕರಿಕಲ್ಲಿನ ಫ್ಯಾಕ್ಟರಿಯಲ್ಲಿ ಪಾಲಿಶ್ ಕೆಲಸಕ್ಕಿದ್ದರು. ಮುಖ ಕಾಣುವ ಹಾಗೆ ಕಲ್ಲು ಉಜ್ಜುತ್ತಿದ್ದರು. ಕಲ್ಲಿನ ಧೂಳು ಎದೆಗಿಳಿದು ಕೆಮ್ಮು ಹತ್ತಿದಾಗ ಫ್ಯಾಕ್ಟರಿಯವರು ನಾಳೆಯಿಂದ ಬರಬೇಡ ಎಂದರು. ಅಷ್ಟೇ. ಅಲ್ಲಿಂದ ತಂದದ್ದು ಆ ಕೆಮ್ಮು ಮತ್ತು ಒಂದು ಹೆದರಿಕೆ: ಉಜ್ಜುವ ಬಟ್ಟೆಯಲ್ಲಿ ಒಂದು ಕಾಳು ಮರಳು ಸಿಕ್ಕಿಕೊಂಡರೆ ಇಡೀ ಚಪ್ಪಡಿ ಹಾಳು. ಅದಕ್ಕೇ ಆ ತಗಡಿನ ಡಬ್ಬಿ. ಮುಚ್ಚಳ ಸದಾ ಬಿಗಿ. ಒಳಗಿನ ಬಟ್ಟೆಯನ್ನು ಹೆಂಡತಿ ಮಂಗಮ್ಮನಿಗೂ ಮುಟ್ಟಲು ಬಿಡುವುದಿಲ್ಲ.

ಹೋದ ಕಾರ್ತಿಕದಲ್ಲಿ ಊಟಿ ರಸ್ತೆಯ ಕಡೆಯಿಂದ ಒಂದು ದೊಡ್ಡ ಕಾರು ಬಂದು ನಿಂತಿತು. ಇಳಿದವರು ಆ ರಸ್ತೆಯ ರೆಸಾರ್ಟೊಂದರ ಮಾಲೀಕರು. ಅವರ ಹೆಸರು ಬರೆಯುವ ಧೈರ್ಯ ನನಗಿಲ್ಲ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೈಯಲ್ಲಿದ್ದದ್ದು ಹೊರದೇಶದ, ಭಾರಿ ಬೆಲೆಯ ವಾಚು. ಗಾಜಿನ ಮೇಲೆ ಒಂದು ಗೀರು. ಸಂಜೆ ಮದುವೆಗೆ ಕಟ್ಟಿಕೊಂಡು ಹೋಗಬೇಕು, ತೆಗೆದುಕೊಡು ಎಂದರು. ರಂಗನಾಯಕರು ಉಗುರು ಆಡಿಸಿ ನೋಡಿದರು. ಇದು ನನ್ನ ಪುಡಿಗೆ ಬಗ್ಗುವ ಗಾಜಲ್ಲ ಬುದ್ಧಿ, ಕಂಪನಿಗೇ ಕಳಿಸಿ ಎಂದರು. ವಾಪಸ್ಸು ಕೊಡಬೇಕು. ಅವರ ಮನೆಯಲ್ಲಿ ನೀರಿನ ಚೊಂಬನ್ನು ಕೂಡ ಒರೆಸದೆ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಕೆಲಸದ ಬಟ್ಟೆಗೆ ಕಾಡಿಗೆ ಮೆತ್ತಿತ್ತು. ದೊಡ್ಡವರ ವಾಚನ್ನು ಕರಿ ಬಟ್ಟೆಯಲ್ಲಿ ಒರೆಸುವುದೇ? ಹೆಗಲ ಮೇಲಿನ ಬಿಳಿ ಟವಲು ತೆಗೆದು ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು.

ಮರ್ಯಾದೆಗೆಂದು ಮಾಡಿದ್ದೇ ಅನುಮಾನಕ್ಕೆ ದಾರಿಯಾಯಿತು. ಆ ಟವಲು ಅಂದು ಬೆಳಿಗ್ಗೆ ಭೀಮನಬೀಡಿನಿಂದ ಬಸ್ಸಿನ ಕಿಟಕಿ ಪಕ್ಕ, ಅವರ ಹೆಗಲ ಮೇಲೆ, ಜಲ್ಲಿ ಲಾರಿಗಳ ಧೂಳಿನ ಹಿಂದೆ ಬಂದದ್ದು.

ಮದುವೆ ಮುಗಿದ ಮಾರನೆಯ ದಿನ ಕಾರು ಮತ್ತೆ ಬಂತು. ಗಾಜಿನ ಮೇಲೆ ಈಗ ಎರಡು ಗೀರು. ಬಸ್ಸಿಗೆ ಕಾದಿದ್ದ ಜನರೆಲ್ಲ ಕೇಳುವಂತೆ ಮಾಲೀಕರು ಬೈದರು. ಕಣ್ಣಿಗೆ ಸಿಕ್ಕಿಸಿಕೊಂಡು ವಾಚು ನೋಡಲು ಮೇಜಿನ ಮೇಲಿಟ್ಟಿದ್ದ ಲೆನ್ಸನ್ನು ಕೆಳಕ್ಕೆ ತಳ್ಳಿ ಬೂಟಿನಲ್ಲಿ ತುಳಿದರು. ಡ್ರೈವರು ಫೋನ್ ಹಿಡಿದು ನಿಂತಿದ್ದ. "ಒಂದ್ ಗಳಿಗೆ ನನ್ ಕೈಗೆ ಕೊಡಿ ಬುದ್ಧಿ, ಬೆಳಕಲ್ಲಿ ನೋಡಿ ಏಳ್ತೀನಿ" ಎಂದು ರಂಗನಾಯಕರು ಕೈ ಚಾಚಿ ಕೇಳಿದ್ದನ್ನು ಪಕ್ಕದಲ್ಲಿ ಮೊಬೈಲ್ ಕವರ್ ಮಾರುವ ಶಶಿಕುಮಾರ ಕೇಳಿಸಿಕೊಂಡಿದ್ದಾನೆ. ಮಾಲೀಕರು ವಾಚು ಕೊಡಲಿಲ್ಲ. ನೀನೇ ತಾನೇ ಗೀರಿದ್ದು ಎಂದು ಮತ್ತೆ ಮತ್ತೆ ಕೇಳಿದರು. ಕೊನೆಗೆ ರಂಗನಾಯಕರು ಅಂದದ್ದು: "ಟವಲ್ಲಲ್ಲಿ ಒರಸ್ದೆ ಬುದ್ಧಿ. ಇದ್ರೂ ಇರ್ಬೋದು."

ಊರೂರು ಸುತ್ತಿದ ವಿಡಿಯೊದಲ್ಲಿ ಇರುವುದು ಈ ಕೊನೆಯ ಮಾತು ಮಾತ್ರ. ಕೈ ಚಾಚಿದ್ದು ಇಲ್ಲ, ಬೂಟು ಇಲ್ಲ, ಮೊದಲೇ ಒಂದು ಗೀರಿತ್ತು ಎಂಬುದೂ ಇಲ್ಲ. ಕೆಳಗೆ 'ಲಕ್ಷಾಂತರದ ವಾಚು ಹಾಳು ಮಾಡಿ ತಪ್ಪೊಪ್ಪಿಕೊಂಡ' ಎಂಬ ಸಾಲು. ಕಳಿಸಿದವರಲ್ಲಿ ಇವರ ಕೈಯಲ್ಲೇ ವರ್ಷಗಟ್ಟಲೆ ವಾಚು ಸರಿಮಾಡಿಸಿಕೊಂಡವರೂ ಇದ್ದಾರೆ. ಒಬ್ಬರಾದರೂ ಬಂದು, ಏನಾಯಿತು ಮಾರಾಯ ಎಂದು ಕೇಳಬಹುದಿತ್ತು. ಈಗ ಬ್ಯಾಟರಿ ಹಾಕಿಸಲೂ ಜನ ಈ ಮೇಜು ದಾಟಿ ಮುಂದೆ ಹೋಗುತ್ತಾರೆ.

ನಾವು ಮಾತಾಡುವಾಗಲೇ ಒಬ್ಬ ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಕೂಗುತ್ತಾನೆ: "ರಂಗಣ್ಣ, ನನ್ ವಾಚ್ಗೂ ಒಂದ್ ಗೀರು ಆಕ್ಬುಡು! ಫಾರಿನ್ ಮಾಲ್ ಆಯ್ತದೆ!"

"ನಿನ್ ಮೂತಿಗಾಕ್ತೀನಿ, ಇಳ್ದು ಬಾರ್ಲಾ!" ರಂಗನಾಯಕರ ದನಿಗೆ ಬೇಕರಿ ಮೆಟ್ಟಿಲ ಮೇಲಿನ ನಾಯಿ ಎದ್ದು ಹೋಗುತ್ತದೆ.

ಚೆಂಡು ಹೂವಿನ ಕುಕ್ಕೆ ಇಟ್ಟುಕೊಂಡು ಅಲ್ಲೇ ಪಕ್ಕದಲ್ಲಿ ಕೂರುವ ಮಂಗಮ್ಮನ ಸಿಟ್ಟು ಗಂಡನ ಮೇಲೆಯೇ. "ಇಲ್ಲ ಅನ್ನಕ್ಕೇನಾಗಿತ್ತು ಇವ್ರಿಗೆ? ನಾ ಗೀರಿಲ್ಲ ಅಂದಿದ್ರೆ ಮುಗೀತಿತ್ತು. ಇರ್ಬೋದಂತೆ! ಯಾರಾದ್ರೂ ಇರ್ಬೋದು ಅಂತಾರಾ ಸಾ, ಅಂತೋರ್ ಮುಂದೆ?"

"ಸುಮ್ನಿರಮ್ಮಿ. ಟವಲ್ಲಲ್ಲಿ ಮಣ್ಣಿತ್ತೋ ಇಲ್ವೋ ನಿಂಗೊತ್ತಾ?"

"ನಾ ಒಗ್ದಿದ್ದು ಕಣಾ ಅದು!"

"ಒಗ್ದಿದ್ದೆ. ಆಮ್ಯಾಲೆ ಬಸ್ಸಲ್ಲಿ ನಿನ್ನಪ್ಪ ಹೊತ್ಕೊಂಡ್ ಬಂದ್ನಾ?"

ಮಂಗಮ್ಮ ನಗುವುದಿಲ್ಲ. ಆ ಟವಲನ್ನು ಅವತ್ತೇ ಒಲೆಗೆ ಹಾಕಿದೆ ಎನ್ನುತ್ತಾರೆ. ಅದರಲ್ಲಿ ಮರಳಿತ್ತೇ ಎಂದು ಈಗ ಪರೀಕ್ಷೆ ಮಾಡುವ ಹಾಗಿಲ್ಲ.

ಚಾಮರಾಜನಗರದಲ್ಲಿ ವಾಚಿನ ಅಂಗಡಿ ಇಟ್ಟಿರುವ ಶಂಕರ್ ಅವರನ್ನು ಕೇಳಿದೆ. ಅಂಥ ಗಾಜಿಗೆ ಟವಲಿನಿಂದೆಲ್ಲ ಗೀರು ಬೀಳುವುದಿಲ್ಲ ಎಂದು ಅವರು ಹೇಳಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲಿಗೇ ಎದ್ದು ಬರುವವನಿದ್ದೆ. ಅವರೇ ತಡೆದು ಮುಂದುವರಿಸಿದರು: "ಆದ್ರೆ ಕೆಲವು ವಾಚ್‌ಗಳಲ್ಲಿ ಗಾಜಿನ ಮೇಲೆ ಬೆಳಕು ಹೊಳೀದೇ ಇರ್ಲಿ ಅಂತ ಒಂದು ತೆಳು ಪದರ ಬಳ್ದಿರ್ತಾರೆ. ಅದಕ್ಕೆ ಮರಳು ಸಾಕು. ಆ ವಾಚ್ ನೋಡ್ದೆ ನಾನೇನೂ ಹೇಳಕ್ಕಾಗಲ್ಲ." ಇದನ್ನು ರಂಗನಾಯಕರಿಗೆ ತಿಳಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಗೊಂದಲಪಟ್ಟೆ. ತಿಳಿಸಿದೆ. ಅವರು ತಲೆಯಾಡಿಸಿದರು. "ಅದ್ಕೇ ನಾ ಇರ್ಬೋದು ಅಂದಿದ್ದು."

ಅವರಿಗೆ ಬೇಕಾದದ್ದು ಪರಿಹಾರವಲ್ಲ, ಕ್ಷಮಾಪಣೆಯೂ ಅಲ್ಲ. ಆ ವಾಚು ಒಂದು ಬೆಳಗಿನ ಮಟ್ಟಿಗೆ ಈ ಮೇಜಿನ ಮೇಲೆ ಬರಬೇಕು. "ಒರಸೋ ಕೈ ಸುತ್ತಾ ತಿರುಗ್ತದೆ ಸಾ, ಗೀರೂ ಕೂದಲಂಗೆ ಬಾಗಿರ್ತದೆ. ಬಾಗಿಲಿಗೋ ಗ್ವಾಡೆಗೋ ತಾಕಿದ್ರೆ ನೆಟ್ಗಿರ್ತದೆ. ನಂದಾದ್ರೆ, ಇದೇ ಬಸ್‌ಸ್ಟಾಂಡ್ ಮುಂದೆ ನಿಂತ್ಕೊಂಡು ನಂದೇ ಅಂತೀನಿ. ವಿಡಿಯೊ ಮಾಡ್ಕಳ್ಲಿ. ನಂದಲ್ದಿದ್ರೆ ಅದ್ನೂ ಇಲ್ಲೇ ನಿಂತ್ಕೊಂಡು ಏಳ್ಬೇಕು. ನೋಡಕ್ಕೂ ಬುಡ್ದಂಗೆ ನನ್ನ ಕಳ್ಳನಂಗೆ ನಿಲ್ಸುದ್ರಲ್ಲ..." ಮುಂದೆ ಕೆಮ್ಮು ಬರುತ್ತದೆ. ಮಂಗಮ್ಮ ನೀರಿನ ಚೊಂಬನ್ನು ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಡುತ್ತಾರೆ.

ರೆಸಾರ್ಟಿನ ಮಾಲೀಕರಿಗೆ ಫೋನ್ ಮಾಡಿದೆ. ಮಾತಿನ ನಡುವೆ ಯಾರಿಗೋ ಕಾಫಿ ಹೇಳಿದರು. "ಗ್ಲಾಸ್ ಚೇಂಜ್ ಮಾಡಿಸಿ ಎಷ್ಟೋ ದಿನ ಆಯ್ತಲ್ರೀ. ಹಳೇದು ಕಂಪನಿಯವರೇ ಇಟ್ಕೊಂಡ್ರು, ಬಿಸಾಕಿರ್ತಾರೆ. ಆ ಮುದುಕನ ವಿಷಯ ಇನ್ನೂ ಮುಗಿದಿಲ್ವಾ?" ಎಂದರು. ಮದುವೆಯಲ್ಲಿ ವಾಚು ಎಲ್ಲಾದರೂ ತಾಕಿತ್ತೇ ಎಂದು ಕೇಳಿದೆ. ಲೈನ್ ಕಟ್ಟಾಯಿತು. ಅವರಿಗೆ ಅದು ಹೊಸ ಗಾಜು ಹಾಕಿದ ದಿನವೇ ಮುಗಿದಿದೆ. ಈ ಮೇಜಿಗೆ ಮುಗಿದಿಲ್ಲ.

ರಂಗನಾಯಕರು ಒಡೆದ ಲೆನ್ಸಿಗೆ ಅಂಟು ಹಾಕಿ ಅದರಲ್ಲೇ ನೋಡುತ್ತಾರೆ. ಹೆಗಲ ಮೇಲೆ ಈಗ ಟವಲು ಇಲ್ಲ. ನಾನು ಹೊರಡುವಾಗ ಆ ಹೆಂಗಸರ ವಾಚಿನ ಕೆಲಸ ಮುಗಿದಿತ್ತು. ಅದನ್ನು ಓರೆ ಹಿಡಿದು ನನಗೂ ತೋರಿಸಿದರು. "ನೋಡಿ. ಎಲ್ಲಾದ್ರೂ ಗೀರು ಅದಾ?" ನನಗೆ ಏನೂ ಕಾಣಲಿಲ್ಲ.

ಆ ಎರಡನೆಯ ಗೀರು ಬಾಗಿತ್ತೋ ನೆಟ್ಟಗಿತ್ತೋ, ಅದನ್ನು ಹಾಕಿದವರು ಯಾರು ಎಂದು ನನಗೆ ಗೊತ್ತಾಗಲಿಲ್ಲ. ಗಾಜೇ ಇಲ್ಲದ ಮೇಲೆ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.