ಬಂಜರು ಎಂದು ಬರೆದ ಅವರೆ ಹೊಲ

ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಕೊಳ್ಳುವಾಗ ಒಂದನ್ನಾದರೂ ಮೂಸದೆ ಚೀಲಕ್ಕೆ ಹಾಕಿಸಿಕೊಂಡವನಲ್ಲ ನಾನು. ನಿನ್ನೆಯದೇ? ನೀರು ಚಿಮುಕಿಸಿದ್ದಾರೆಯೇ? ಎಲ್ಲಕ್ಕೂ ಅನುಮಾನ. "ನೀವು ತೀರ್ಥಾನೂ ಮೂಸಿ ನೋಡಿ ಕುಡಿಯೋರು" ಅನ್ನುತ್ತಾಳೆ ಹೆಂಡತಿ. ಇವತ್ತು ಬೆಳಿಗ್ಗೆ ಮಾತ್ರ ಮೂಸಿದವನು ಹಾಗೇ ನಿಂತುಬಿಟ್ಟೆ. ಅದೇ ಸೊಗಡು. ನೀವು ನಮ್ಮ ಕಡೆಯವರಾದರೆ ಸೊಗಡು ಅಂದರೇನು ಎಂದು ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು. ತಾಲ್ಲೂಕಿನ ಚರಿತ್ರೆ, ಭೂಗೋಳ, ಜನಜೀವನ ಎಲ್ಲ ಸೇರಿಸಿ ಒಂದು ಪರಿಚಯ ಪುಸ್ತಕ ಬರೆಯುವ ಕೆಲಸವನ್ನು ಮೇಲಿನವರು ನನ್ನ ಕೊರಳಿಗೆ ಕಟ್ಟಿದರು. ಹೆಮ್ಮೆಯಿಂದಲೇ ಕಟ್ಟಿಸಿಕೊಂಡೆ ಅನ್ನಿ. ಭಾನುವಾರಗಳಂದು ನೋಟುಬುಕ್ಕು ಹಿಡಿದು ಸೈಕಲ್ಲು ಹತ್ತುತ್ತಿದ್ದೆ.

ಹಾಗೆ ಬಿಳಿಗೆರೆ ಕಡೆಯ ಒಂದು ಊರಿಗೆ ಹೋದೆ. ಊರ ಹಿಂದೆ ಒಂದು ಗುಡ್ಡ. ಅದರ ಹೆಸರೇನು ಎಂದು ಕೇಳಿದರೆ ಮೂವರು ಮೂರು ಹೆಸರು ಹೇಳಿದರು. ಹತ್ತಿರದ ತಾಂಡ್ಯದಲ್ಲಿ ಜಮೀನು ಹೋಗಿ ಕಾರ್ಖಾನೆಗಳು ಎದ್ದ ಮೇಲೆ ಪೆನ್ನು ಹಿಡಿದು ಬಂದವರನ್ನೆಲ್ಲ ಅವರು ಅನುಮಾನದಿಂದಲೇ ನೋಡುತ್ತಿದ್ದರು. ಅದಕ್ಕಿಂತ ಹಳೆಯ ವಾಡಿಕೆಯೂ ಒಂದಿತ್ತು: ಬರೆದುಕೊಳ್ಳುವವರ ಮುಂದೆ ಹೊಲವನ್ನು ಹೊಗಳಬಾರದು. ಬೆಳೆ ಇಲ್ಲವೆಂದರೆ ಕಂದಾಯದವರು ಕಾಡುವುದಿಲ್ಲವೆಂದು ಅವರ ಅಜ್ಜಂದಿರು ಕಲಿಸಿದ್ದರು.

ಗುಡ್ಡದ ಬುಡದ ಹೊಲ ಶಿವಮ್ಮ ಎಂಬ ಹಿರಿಯರದು. ಗಂಡನಿಲ್ಲದ ಹೆಂಗಸು, ಆ ಹೊಲವೇ ಅವರ ಬದುಕು. ಜಗಲಿಯ ಮೇಲೆ ಕೂರಿಸಿ, ಅವರೆಕಾಳಿನ ಉಪ್ಪಿಟ್ಟು ಕೊಟ್ಟು ಕೇಳಿದರು.

"ಯಾವ ಆಪೀಸ್ನೋರು ಸಾ?"

"ಮೇಷ್ಟ್ರು ಕಣಮ್ಮ. ಹೊಲದಲ್ಲಿ ಏನು ಬೆಳೀತೀರಿ?"

"ಏನೂ ಬೆಳ್ಯಲ್ಲ. ಬರೀ ಕಲ್ಲು. ಗರಿಕೆನೂ ಉಟ್ಟಲ್ಲ."

"ಮತ್ತೆ ಈ ಅವರೆಕಾಳು?"

"ಮೂಗೂರಲ್ಲಿ ಮಗಳವ್ಳೆ. ಅವ್ಳು ಕಳ್ಸಿದ್ದು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಂಗಳದ ಮೂಲೆಯಲ್ಲೇ ಕಿತ್ತು ತಂದ ಅವರೆಗಿಡಗಳು ಸೊಗಡು ಬೀರುತ್ತ ಬಿದ್ದಿದ್ದವು, ಬೇರಿನ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಮೂಗೂರಿನಲ್ಲಿ ಮಗಳು ಇದ್ದಾಳೆಯೇ ಎಂಬುದೇ ನನಗೆ ಅನುಮಾನವಾಯಿತು. ಆದರೂ ಪಾಪ, ಹೋಗಲಿ, ನನ್ನಿಂದ ಇವರಿಗೆ ತೊಂದರೆಯಾಗದಿರಲಿ ಎಂದು ದೊಡ್ಡ ಮನಸ್ಸು ಮಾಡಿ 'ಗುಡ್ಡದ ತಪ್ಪಲು ಬಂಜರು' ಎಂದು ಬರೆದೆ. ಬರೆದದ್ದು ಅಚ್ಚಾಯಿತು. ಶಾಲು ಹೊದಿಸಿದರು.

ಕೆಲವು ವರ್ಷ ಕಳೆದವು. ಯಾವುದೋ ಕಾರ್ಖಾನೆಗೆ ಜಾಗ ಬೇಕಾಗಿ ಆ ಊರಿನ ಅರಳಿಕಟ್ಟೆಯಲ್ಲಿ ಸಭೆ ಸೇರಿತು. ತಾಲ್ಲೂಕು ಬಲ್ಲವನೆಂದು ನನಗೂ ಒಂದು ಕುರ್ಚಿ. ಬೆಳೆ ಬರುವ ಭೂಮಿಯನ್ನು ಮುಟ್ಟುವುದಿಲ್ಲ, ಬಂಜರನ್ನಷ್ಟೇ ತೆಗೆದುಕೊಳ್ಳುತ್ತೇವೆ ಎಂದ ಅಧಿಕಾರಿ ಚೀಲದಿಂದ ತೆಗೆದದ್ದು ನನ್ನ ಪುಸ್ತಕ. ಆ ಸಾಲನ್ನು ಗಟ್ಟಿಯಾಗಿ ಓದಿದರು.

ಶಿವಮ್ಮ ಎದ್ದು ನಿಂತರು. "ಸುಳ್ಳೇಳಿದ್ದು ನಾನೇಯ, ತಪ್ಪಾಯ್ತು. ಅವರೆ ಬೆಳೀತೀನಿ ಸಾ. ಈ ಮೇಷ್ಟ್ರು ನಮ್ಮನೇಲಿ ತಿಂದವ್ರೆ, ಕೇಳಿ."

ಅಧಿಕಾರಿ ನನ್ನ ಕಡೆ ತಿರುಗಿದರು. ಬರೆದದ್ದು ಸುಳ್ಳೆಂದರೆ ಪುಸ್ತಕದ ಮಾನ ಹೋಗುತ್ತದೆ. ನೌಕರಿಗೇ ಕುತ್ತು ಬಂದೀತೋ ಏನೋ. "ತಿಂದ ನೆನಪಿದೆ. ಎಲ್ಲಿ ಬೆಳೆದದ್ದೋ ಗೊತ್ತಿಲ್ಲ" ಅಂದೆ. ಶಿವಮ್ಮ ನನ್ನನ್ನು ನೋಡುತ್ತ ಕೂತರು.

ಹೊಲ ಹೋಯಿತು. ಅವರು ಮೂಗೂರಿಗೆ ಹೋದರೆಂದು ಆಮೇಲೆ ತಿಳಿಯಿತು. ಮಗಳು ಇದ್ದದ್ದು ನಿಜ.

ಲೋಕವನ್ನೆಲ್ಲ ಮೂಸಿ ನೋಡುವ ನಾನು ನನ್ನ ದೊಡ್ಡ ಮನಸ್ಸನ್ನು ಮಾತ್ರ ಒಂದು ಸಲವೂ ಮೂಸಿ ನೋಡಿರಲಿಲ್ಲ. ಇವತ್ತು ಅವರೆಕಾಯಿಯ ಚೀಲ ಹಿಡಿದು ನೇರ ಲೈಬ್ರರಿಗೆ ಹೋದೆ. ಪುಸ್ತಕ ಅಲ್ಲೇ ಇತ್ತು, ಧೂಳು ಹಿಡಿದು. ಜೇಬಿನಿಂದ ಪೆನ್ನು ತೆಗೆದೆ.

"ಸಾರ್, ಪುಸ್ತಕದ ಮೇಲೆ ಬರೀಬಾರ್ದು" ಎಂದಳು ಮೇಜಿನಾಚೆಯ ಹುಡುಗಿ, ನನ್ನ ಕೈಯನ್ನೇ ಅನುಮಾನದಿಂದ ನೋಡುತ್ತ. ಆ ಕೈಯನ್ನು ಅನುಮಾನಿಸುವುದು ಸರಿಯೇ. ಆದರೂ ಬಂಜರು ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದೆ: 'ಇಲ್ಲಿ ಅವರೆ ಬೆಳೆಯುತ್ತಿತ್ತು. ನಾನು ತಿಂದಿದ್ದೇನೆ.'