ಮುಲ್ಲಾ ತಾತ ಕೊಯ್ಯದ ಮರಿ

ನಮ್ಮ ಮನೆದೇವರಿಗೆ ಬಿಟ್ಟ ಕುರಿಮರಿಯನ್ನು ಕೊಯ್ಯುತ್ತಿದ್ದವರು ಪಕ್ಕದೂರಿನ ಮುಲ್ಲಾ ತಾತ. ಕಂಬದೂರಿನ ಕಡೆ ಹಳ್ಳಿಗಳಲ್ಲಿ ಇದೇನು ವಿಶೇಷವಲ್ಲ. ತಾತ ತಮ್ಮ ದೇವರ ಹೆಸರು ಹೇಳಿ ಕತ್ತಿ ಆಡಿಸಿದರೆ ಮಾಂಸ ಹಲಾಲ್ ಆಗಿ, ಮುಸಲ್ಮಾನ ಗೆಳೆಯರೂ ನಮ್ಮ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಮರಿಯ ತಲೆ, ಚರ್ಮ ತಾತನ ಪಾಲು. ಅಜ್ಜನ ಕಾಲದಿಂದ ಹೀಗೇ ನಡೆದಿತ್ತು.

ನಾನು ಕಲ್ಯಾಣದುರ್ಗದಲ್ಲಿ ಸಮಾಜಪಾಠದ ಟೀಚರು. ಅವರವರ ದೇವರು ಅವರವರ ಹಕ್ಕು ಅಂತ ಮಕ್ಕಳಿಗೆ ಉರು ಹೊಡೆಸುತ್ತಿದ್ದವಳು. ಸ್ಟಾಫ್ ರೂಮಿನಲ್ಲಿ ಮುಲ್ಲಾ ತಾತನ ವಿಷಯ ಎತ್ತಿ, ನಮ್ಮನೇಲಿ ಭೇದಭಾವ ಇಲ್ಲವೆಂದು ಎಷ್ಟು ಸಲ ಜಂಬ ಕೊಚ್ಚಿದ್ದೆನೋ. ಅದನ್ನು ನಂಬಿಯೇ ನಮ್ಮ ಉರ್ದು ಟೀಚರಕ್ಕ ಒಂದು ವರ್ಷ ಮನೆದೇವರ ಹಬ್ಬಕ್ಕೆ ಬಂದರು. ಹಿಂದೂಪುರದವರು. ಹೊರಗೆಲ್ಲೂ ಮಾಂಸ ಮುಟ್ಟಿದವರಲ್ಲ.

ಎರಡು ಸಾವಿರದ ಇಸವಿ ದಾಟಿತ್ತು. ಊರಿನಲ್ಲಿ ಇನ್ನೂ ಯಾರ ಕೈಯಲ್ಲೂ ಸೆಲ್‌ಫೋನು ಇರಲಿಲ್ಲ. ನಾವು ಆಟೋ ಇಳಿಯುವಷ್ಟರಲ್ಲಿ ಸಾರು ಕುದಿಯುತ್ತಿತ್ತು. ಟೀಚರಕ್ಕ ಅಮ್ಮನ ಜೊತೆ ಮಾತಿಗೆ ಕೂತರು. ನಾನು ಹಿತ್ತಲಿಗೆ ಹೋಗಿ ತಮ್ಮನನ್ನು ಕೇಳಿದೆ, ತಾತ ಎಲ್ಲಿ?

"ಈ ಸಲ ನಾನೇ ಕೊಯ್ದ್ಬುಟ್ಟೆ ಕಣಕ್ಕ. ನಮ್ ದೇವ್ರ ಮರೀಗೆ ಅವ್ರ ಮಂತ್ರ ಯಾಕೆ ಅಂತ ಹುಡುಗ್ರೆಲ್ಲ ಅಂದ್ರು."

ಅವನಿಗೆ ಬುದ್ಧಿ ಹೇಳಬೇಕಿತ್ತು. ಹೇಳಲಿಲ್ಲ. ಹಬ್ಬದ ದಿನ ಜಗಳ ಯಾಕೆ ಅಂದುಕೊಂಡೆ.

ಎಲೆ ಮುಂದೆ ಕೂತಾಗ ಅಕ್ಕ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ತಾತಾನೇ ಕೊಯ್ದಿದ್ದು ತಾನೇನಮ್ಮ?"

"ಹೂಂ ಅಕ್ಕ, ಉಣ್ಣಿ."

ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ. ಬೇಳೆಸಾರೂ ಇತ್ತು, ಮಜ್ಜಿಗೆಯೂ ಇತ್ತು. ನಿಜ ಹೇಳಿದ್ದರೆ ಅವರು ಅದರಲ್ಲೇ ನಗುನಗುತ್ತಾ ಉಂಡು ಏಳುತ್ತಿದ್ದರು. ನಾನು ಕೊಚ್ಚಿದ ಜಂಬ ಮಾತ್ರ ಮಣ್ಣು ಮುಕ್ಕುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಅವರ ನೇಮ ಕೆಡಿಸಿದೆ. ಅಕ್ಕ ಮುದ್ದೆ ಮುರಿದು, ಸಾರನ್ನು ಇನ್ನೊಂದು ಸಲ ಹಾಕಿಸಿಕೊಂಡು, ಅಮ್ಮನ ಕೈರುಚಿ ಹೊಗಳಿದರು.

ಕೈ ತೊಳೆಯುತ್ತಿದ್ದಾಗ ಮುಲ್ಲಾ ತಾತ ಬಾಗಿಲಿಗೆ ಬಂದರು. ಪ್ರತಿ ವರ್ಷ ಅವರು ಮರಿ ಕೊಯ್ಯಲು ಬರುವ ಹಬ್ಬದ ಸೋಮವಾರ ಅದು. ಬರಬೇಡಿ ಅಂತ ಅವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಕತ್ತಿ.

"ಬಸ್ಸು ಲೇಟಾಗ್ಬುಡ್ತು ಕಣಮ್ಮ. ಮರಿ ಎಲ್ಲೈತೆ?"

ತಾತ ಎಂಜಲೆಲೆಗಳನ್ನು ನೋಡಿದರು. ಅಕ್ಕ ಆ ಟವೆಲಿನ ಗಂಟನ್ನು ನೋಡಿದರು, ಆಮೇಲೆ ನನ್ನನ್ನು. ತಮ್ಮ ಎದ್ದು ಹಿತ್ತಲಿಗೆ ಹೋದ. ಅಮ್ಮ ಅಭ್ಯಾಸಬಲದಿಂದ ತಾತನಿಗೆ ಎಲೆ ಹಾಕಿ, ಸಾರಿನ ಪಾತ್ರೆ ತಂದಳು.

"ತಾತಂಗೆ ಮಜ್ಜಿಗೆ ಅನ್ನ ಕೊಡಿಯಮ್ಮ, ಸಾಕು," ಅಂದರು ಅಕ್ಕ. ಅಷ್ಟೇ. ತಾವು ಉಂಡದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗಲೂ ಪರೀಕ್ಷೆ ಪೇಪರಿನ ಮಾತೇ ತೆಗೆದರು. ನಾನು ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಹೂಂಗುಟ್ಟಿದೆ.

ಆಮೇಲೆ ಅವರಿಗೆ ಹಿಂದೂಪುರಕ್ಕೆ ವರ್ಗವಾಯಿತು. ಮೂರು ವರ್ಷದ ನಂತರ ಟ್ರೈನಿಂಗ್ ಅಂತ ನಾನು ಆ ಊರಿಗೆ ಹೋದಾಗ, ಬಿಡದೆ ಊಟಕ್ಕೆ ಕರೆದರು. ಕೂರುವ ಮೊದಲೇ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು.

"ಇದು ಕೋಳಿ. ಇದು ಪಪ್ಪು, ಬರೀ ಬೇಳೇದು. ನೀನು ತಿನ್ನದೇ ಇರೋದು ಇವತ್ತು ಮನೇಗೆ ತಂದಿಲ್ಲ. ಕಣ್ಣಾರೆ ನೋಡ್ಕೊಂಡು ಉಣ್ಣು ಕಣಮ್ಮ."

ಚುಚ್ಚಿ ಹೇಳುತ್ತಿದ್ದಾರೇನೋ ಎಂದು ಮುಖ ನೋಡಿದೆ. ಹಾಗೇನೂ ಇರಲಿಲ್ಲ. ಮನೆಗೆ ಬಂದವರ ಮನಸ್ಸಿನಲ್ಲಿ ಅನುಮಾನ ಉಳಿಯಬಾರದು ಅನ್ನುವುದಷ್ಟೇ ಇತ್ತು. ತಪ್ಪಾಯ್ತಕ್ಕ ಅನ್ನುವ ಮಾತು ಬಾಯಿತನಕ ಬಂತು. ಅದನ್ನು ನುಂಗಿಕೊಂಡು, ಅವರು ಹಾಕಿದ್ದನ್ನೆಲ್ಲ ಉಂಡು ಬಂದೆ.