ಹಿತ್ತಲಿನ ಏರ್ ಫ್ರೈಯರ್ ಮತ್ತು ಅಪ್ಪನ ಹಲ್ಲು

ಅಪ್ಪ ಹಂದಿ ಮಾಂಸ ತಿನ್ನುವುದನ್ನು ಬಿಟ್ಟನಂತೆ ಎಂದಾಗ ಕೌಜಲಗಿಯ ನಮ್ಮ ಓಣಿಯಲ್ಲಿ ಮೊದಲು ಯಾರೂ ನಂಬಲಿಲ್ಲ. ನಂಬುವಂಥ ಮಾತೇ ಅದು? ಯಾರ ಮನೆಯಲ್ಲಿ ಮದುವೆ ಮುಗಿದರೂ, ಯಾರ ಕೂಸಿಗೆ ಹೆಸರಿಟ್ಟರೂ, ಮರುದಿನದ ಖಂಡದ ಊಟಕ್ಕೆ ಒಲೆಯ ಮುಂದೆ ಕೂರುತ್ತಿದ್ದವನೇ ಅಪ್ಪ. ಬಾಜೂ ಮನೆಯ ಕಾಕಾ ಅವನ ಜೋಡಿ. ಕಾಕಾ ನಮ್ಮ ರಕ್ತಸಂಬಂಧಿಯಲ್ಲ, ಅಪ್ಪನ ಜೊತೆ ಗೋಲಿ ಆಡಿ ಬೆಳೆದ ಗೆಳೆಯ. ಇಬ್ಬರೂ ಕೂಡಿ ಮೂರು ಕಲ್ಲು ಹೂಡಿ, ಬೆಂಕಿ ಊದಿ, ಇಡೀ ಓಣಿಗೆ ಅಡುಗೆ ಮಾಡುತ್ತಿದ್ದರು. ಪಕ್ಕೆಲುಬಿನ ತುಂಡುಗಳನ್ನು ಮಾತ್ರ ಯಾರ ಕಣ್ಣಿಗೂ ಬೀಳದಂತೆ ಪಾತ್ರೆಯ ತಳಕ್ಕೆ ಇಳಿಸಿಬಿಡುತ್ತಿದ್ದರು. ಎಲ್ಲರ ಊಟ ಮುಗಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು ಇಬ್ಬರೇ ಅವನ್ನು ಚೀಪುತ್ತಿದ್ದರು. ಆಗ ಮಾತಾಡಿಸಿದರೆ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ.

ಅಂಥವನು ಬಿಟ್ಟ ಕಾರಣ ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಹಲ್ಲು. ನಾನು ಗೋಕಾಕದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಪ್ಪನ ಒಸಡು ಬಾತು, ಗಲ್ಲ ಊದಿ, ಅವನು ಲವಂಗ ಕಚ್ಚಿಕೊಂಡು ನರಳುವುದನ್ನು ನೋಡಲಾರದೆ ನಾನೇ ಕರೆದುಕೊಂಡು ಹೋಗಿ, ಉಳಿದಿದ್ದ ಅಲುಗಾಡುವ ಹಲ್ಲುಗಳನ್ನೆಲ್ಲ ತೆಗೆಸಿ ಹೊಸ ಸೆಟ್ ಹಾಕಿಸಿದ್ದೆ. ಸೆಟ್ ನೋಡಲು ಬಲು ಚಂದ. ಅಪ್ಪನಿಗೆ ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿತ್ತು. ಹಾಲಲ್ಲಿ ನೆನೆಸಿದ ರೊಟ್ಟಿ, ಝುಣಕ, ಅನ್ನ ಎಲ್ಲ ಸುಸೂತ್ರ. ಆದರೆ ಮಾಂಸ ಕಚ್ಚಿದರೆ ಸೆಟ್ ಜಾರುತ್ತಿತ್ತು.

"ಯಾರ ಮುಂದೂ ಬಾಯಿ ಬಿಡಬ್ಯಾಡ ನೋಡ ಮಗಳ, ನನ್ನ ಆಣಿ ಐತಿ," ಎಂದಿದ್ದ. ಕಾಕಾನಿಗೂ ಹೇಳುವಂತಿರಲಿಲ್ಲ. ಕಾಕಾನಿಗಂತೂ ಹೇಳುವಂತೆಯೇ ಇರಲಿಲ್ಲ. ಯಾಕೆಂದರೆ ಕಾಕಾನ ಹಲ್ಲು ಈಗಲೂ ಕಲ್ಲು. ಕಬ್ಬನ್ನು ಕಚ್ಚಿಯೇ ಸುಲಿಯುವ ಆಸಾಮಿ ಅವನು.

ಹಾಗಾಗಿ ಅಪ್ಪ ಒಂದು ಸುಳ್ಳು ಹುಟ್ಟಿಸಿದ. ನಮ್ಮ ಮನೆಯ ದೇವರ ಜಗಲಿಯ ಮೇಲೆ ಯಲ್ಲಮ್ಮನ ಪಕ್ಕದಲ್ಲಿ ಬುದ್ಧನ ಫೋಟೋ ಇದೆ. ಅಪ್ಪ ಅದಕ್ಕೆ ಕೈ ತೋರಿಸಿ, "ನಾ ವ್ರತ ಹಿಡದೇನಿ. ಹಿಂಸಾ ಬ್ಯಾಡ ಅಂದಾನ ಬುದ್ಧ," ಎಂದು ಓಣಿಗೆಲ್ಲ ಹೇಳಿದ. ಕೇಳಿದವರು ಕೈ ಮುಗಿದರು. ಅವ್ವ ಮಾತ್ರ ರೊಟ್ಟಿ ಬಡಿಯುತ್ತಲೇ, "ನಿಮ್ಮ ಹಲ್ಲ ಬಿದ್ದ ಮ್ಯಾಲ ಬಂದು ಹೇಳಿದ್ನೇನ್ರಿ ಬುದ್ಧ?" ಎಂದಳು.

ನಗು ಬರುತ್ತದೆ, ಖರೆ. ಆದರೆ ಆ ಸುಳ್ಳು ಅಪ್ಪನನ್ನು ಮೂಲೆಗೆ ಕೂರಿಸಿಬಿಟ್ಟಿತು. ವ್ರತಸ್ಥನನ್ನು ಖಂಡದ ಒಲೆಯ ಮುಂದೆ ಯಾರು ಕರೆಯುತ್ತಾರೆ? ಭಾನುವಾರ ಬಂತೆಂದರೆ ಓಣಿಯ ಒಗ್ಗರಣೆಯ ವಾಸನೆಗೆ ಕಿಟಕಿ ಮುಚ್ಚಿಕೊಂಡು, ಟಿವಿ ಹಚ್ಚಿಕೊಂಡು, ಏನನ್ನೂ ನೋಡದೆ ಕೂರುತ್ತಿದ್ದ. ಕಾಕಾ ಬಂದರೂ ಚಹಾ ಕುಡಿದು, ಎರಡು ಮಾತಾಡಿ ಎದ್ದು ಹೋಗುತ್ತಿದ್ದ. ಅಪ್ಪ ಮತ್ತೊಮ್ಮೆ ಗೋಡೆಗೆ ಆತು ಕೂತು ಪಕ್ಕೆಲುಬು ಚೀಪಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಆಗ ಬಂತು ಏರ್ ಫ್ರೈಯರ್, ಬಿಸಿಗಾಳಿಯಲ್ಲೇ ಹುರಿಯುವ ಮಷೀನು. ನನ್ನ ಗಂಡನಿಗೆ ಹುಕ್ಕೇರಿಯಲ್ಲಿ ಕೆಲಸ, ಶನಿವಾರ ಗೋಕಾಕಕ್ಕೆ ಬರುತ್ತಾರೆ. ಒಂದು ಶನಿವಾರ ದೊಡ್ಡ ಡಬ್ಬಿ ಹೊತ್ತು ಬಂದರು. ನಮ್ಮ ಗೋಕಾಕದ ಬಾಡಿಗೆ ಮನೆಯ ಮಾಲಕರು ಮೇಲಿನ ಮಹಡಿಯಲ್ಲಿದ್ದಾರೆ, ತತ್ತಿಯ ವಾಸನೆ ಬಂದರೂ ಕೆಮ್ಮುತ್ತಾರೆ. ಹಾಗಾಗಿ ಪಾಪ, ಆ ಮಷೀನು ತಿಂಗಳುಗಟ್ಟಲೆ ಬಟಾಟಿ, ಶೇಂಗಾ, ಹಪ್ಪಳ ಹುರಿದುಕೊಂಡು ಸಾಧುವಿನಂತೆ ಇತ್ತು. ಒಂದು ದಿನ ಮೊಬೈಲಿನಲ್ಲಿ ಯಾರೋ ಹೆಣ್ಣುಮಗಳು ಅದೇ ಮಷೀನಿನಿಂದ ಹಂದಿಯ ಪಕ್ಕೆಲುಬು ತೆಗೆದು ಎರಡು ಬೆರಳಲ್ಲಿ ಎಳೆದಳು. ಮಾಂಸ ಬೆಣ್ಣೆಯ ಹಾಗೆ ಕಳಚಿ ಬಿತ್ತು. ನಾನು ಕೂತಲ್ಲಿಂದ ಎದ್ದು ನಿಂತೆ.

ಮುಂದಿನ ಶನಿವಾರ ಗಂಡ ಕಣಗಲಾ ಹತ್ತಿರದ ಒಂದು ಫಾರ್ಮಿನಿಂದ ಎಳೆಯ ಹಂದಿಯ ಪಕ್ಕೆಲುಬು ತಂದರು. ಭಾನುವಾರ ಬೆಳಿಗ್ಗೆ ಅವರ ಬೈಕಿನ ಹಿಂದೆ ಮಷೀನನ್ನು ಕೂಸಿನಂತೆ ಅಪ್ಪಿಕೊಂಡು ಕೌಜಲಗಿಗೆ ಹೋದೆ. ಅವ್ವ ಹೊಸ ಮಷೀನು ನೋಡಿದ್ದೇ ಅರಿಷಿಣ ಕುಂಕುಮ ಹಚ್ಚಲು ಹೊರಟಳು. ಏನು ಬೇಯಿಸುತ್ತೇನೆಂದು ಹೇಳಿದೆ. ಕುಂಕುಮದ ಕೈ ಅಲ್ಲೇ ನಿಂತಿತು.

"ಅಯ್ಯ ನನ್ನವ್ವಾ! ಒಳಗ ಬ್ಯಾಡ. ಹಿತ್ತಲಕ್ಕ ನಡಿ."

ನಮ್ಮ ಮನೆಯ ನೇಮ ಅದು. ಯಲ್ಲಮ್ಮನ ಜಗಲಿ ಇರುವ ಮನೆ, ಹಂದಿ ಹೊಸಿಲು ದಾಟುವುದಿಲ್ಲ. ಬೇಯುವುದು ಹಿತ್ತಲಲ್ಲಿ, ಉಣ್ಣುವುದು ಹಿತ್ತಲಲ್ಲಿ. ಅದನ್ನು ಮುಟ್ಟಿದ ಪಾತ್ರೆ, ಚಮಚ, ಗಂಗಾಳ ಎಲ್ಲವನ್ನೂ ಒಗೆಯುವ ಕಲ್ಲಿನ ಮೇಲೆ ಇಟ್ಟು ಕುದಿಯುವ ನೀರು ಹೊಯ್ದ ಮೇಲೆಯೇ ಒಳಗೆ ಪ್ರವೇಶ. ತಿಂದವರೂ ಬಾಯಿ ಮುಕ್ಕಳಿಸಿಯೇ ಒಳಗೆ ಬರಬೇಕು. ಅವ್ವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕಿಟಕಿಯಿಂದ ವೈರು ಎಳೆದು, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಏರ್ ಫ್ರೈಯರ್ ಇಟ್ಟೆ. ಕೋಳಿಗಳು ಸುತ್ತ ನಿಂತು ನೋಡಿದವು.

ಅಪ್ಪ ಮೊದಲು ಬರಲೇ ಇಲ್ಲ. "ವ್ರತ ಐತಿ" ಎಂದು ಒಳಗಿಂದಲೇ ಗೊಣಗಿದ. ವಾಸನೆ ಎದ್ದಾಗ ತಾನಾಗಿಯೇ ಹಿತ್ತಲ ಬಾಗಿಲಿಗೆ ಬಂದ.

"ಹೊಗಿ ಇಲ್ಲ, ಕೆಂಡ ಇಲ್ಲ. ಇದೇನ ಬೇಯತೈತಿ? ಗಾಳಿಯಾಗ ಅಡಗಿ ಮಾಡಾಕತ್ತಿಯೇನ?"

"ನೋಡಕೋತ ಇರು ಅಪ್ಪಾ. ಬೆಣ್ಣಿ ಆಗತೈತಿ, ಬೆಣ್ಣಿ."

ನನ್ನ ಅವಸರ ಎಂಥದೆಂದರೆ, ವಿಡಿಯೋ ಪೂರ್ತಿ ನೋಡುವ ತಾಳ್ಮೆ ನನಗಿರಲಿಲ್ಲ. ಖಾರ ಉಪ್ಪು ಹಚ್ಚಿದೆ, ಉರಿಯನ್ನು ಇದ್ದಷ್ಟಕ್ಕೂ ಏರಿಸಿದೆ, ಅರ್ಧ ತಾಸಿನೊಳಗೆ ಹೊರಗೆ ತೆಗೆದೆ. ಬಣ್ಣ ನೋಡಬೇಕಿತ್ತು! ಕೆಂಪಗೆ, ಮಿರಿಮಿರಿ. ಅಪ್ಪನ ಗಂಟಲು ಮೇಲೆ ಕೆಳಗೆ ಆಡಿತು. ಬುದ್ಧನನ್ನು ಮರೆತು ಒಂದು ಎಲುಬು ಎತ್ತಿ, ಕಣ್ಣು ಮುಚ್ಚಿ, ಕಚ್ಚಿ ಎಳೆದ.

ಮಾಂಸ ಬರಲಿಲ್ಲ. ಮೇಲಿನ ಹಲ್ಲಿನ ಸೆಟ್ ಬಂತು. ಎಲುಬಿಗೆ ಗಟ್ಟಿಯಾಗಿ ಕಚ್ಚಿಕೊಂಡು, ಅಪ್ಪನ ಕೈಯಲ್ಲಿ, ಬಿಸಿಲಿಗೆ ಹೊಳೆಯುತ್ತ.

ನನ್ನ ಗಂಡ ತಟ್ಟನೆ ಹುಣಸೆ ಮರದ ಕಡೆ ತಿರುಗಿ ನಿಂತರು. ಅವರ ಹೆಗಲು ಕುಣಿಯುತ್ತಿತ್ತು. ಅಳಿಯನ ಮುಂದೆ ಹೀಗಾಯಿತಲ್ಲ ಎಂದು ಅಪ್ಪನ ಮುಖ ಕೆಂಪಾಯಿತು. ಕೆಳಗಿನ ಸೆಟ್ಟನ್ನೂ ತೆಗೆದು, ಎರಡನ್ನೂ ಒಗೆಯುವ ಕಲ್ಲಿನ ಮೇಲೆ ಇಟ್ಟು, ಬಾಯಿ ಮುಕ್ಕಳಿಸಿ, ಟವೆಲ್ಲಿನಿಂದ ಮುಚ್ಚಿಕೊಂಡು ಒಳಗೆ ಹೋಗಿ ಮಲಗಿಬಿಟ್ಟ. ನಾನು ಒಂದು ಎಲುಬು ಕಚ್ಚಿ ನೋಡಿದೆ. ಎತ್ತಿನ ತೊಗಲಿನ ಮಿಣಿ ಜಗಿದಂತಿತ್ತು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಮಷೀನಿನ ವೈರನ್ನು ಕಿತ್ತು ಎಸೆದೆ.

ನಾವು ಹಾಗೆ ಕೂತಿರುವಾಗ ಅವ್ವ ಕುದಿಯುವ ನೀರಿನ ತಪೇಲಿ ಹಿಡಿದು ಬಂದಳು. ಮಷೀನಿನ ಬುಟ್ಟಿಗೆ ಹೊಯ್ದಳು, ಚಿಮುಟಕ್ಕೆ ಹೊಯ್ದಳು, ಗಂಗಾಳಕ್ಕೆ ಹೊಯ್ದಳು. ಕಡೆಗೆ ಅಪ್ಪನ ಹಲ್ಲಿಗೂ ಧಾರಾಳವಾಗಿ ಹೊಯ್ದಳು.

"ಯವ್ವಾ! ಏನ ಮಾಡಿದಿಬೇ!" ಎಂದು ನಾನು ಚೀರಿದೆ.

ಅವ್ವ ನನ್ನನ್ನೇ ದಡ್ಡಿಯಂತೆ ನೋಡಿದಳು. "ಹಂದಿ ಕಚ್ಚಿದ ಹಲ್ಲು ಹಂಗ ಹ್ಯಾಂಗ ಒಳಗ ಬಿಡ್ಲಿ?"

ಹಲ್ಲಿನ ಸೆಟ್ ಬಿಸಿನೀರಿಗೆ ಸೊಟ್ಟಗಾಗಿತ್ತು. ಸಂಜೆ ಅಪ್ಪ ಹಾಕಿಕೊಳ್ಳಲು ಹೋದ. ಮೇಲಿನದು ಎಡಕ್ಕೆ ನೋಡುತ್ತಿತ್ತು, ಕೆಳಗಿನದು ಬಲಕ್ಕೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು. "ಹಲ್ಲಿದ್ದಾಗ ಕಡಲಿ ಇರಲಿಲ್ಲ, ಕಡಲಿ ಬಂದಾಗ ಹಲ್ಲಿಲ್ಲ. ನನ್ನ ಕೈಗೆ ಏನ ಬಂದಿತ್ತರಿ ಇವತ್ತ," ಎಂದಳು. ಅಪ್ಪ ನಗಲಿಲ್ಲ.

ಹೊಸ ಸೆಟ್ ಬರಲು ದಿನ ಹಿಡಿಯುತ್ತದೆ ಎಂದರು ಗೋಕಾಕದ ದಂತವೈದ್ಯರು. ಅಲ್ಲಿಯವರೆಗೆ ಅಪ್ಪ ಹೊರಗೇ ಬರುವುದಿಲ್ಲವೆಂದು ಹಟ ಹಿಡಿದ. ಮೊದಲು ಊಟದ ಪಂಕ್ತಿ ಬಿಟ್ಟಿದ್ದವನು ಈಗ ಓಣಿಯ ಕಟ್ಟೆಯನ್ನೂ ಬಿಟ್ಟ. ಕಾಕಾ ದಿನಾ ಬಂದು ಬಾಗಿಲಲ್ಲಿ ಕೇಳಿದರೆ, "ಜ್ವರ ಅದಾವ್ರಿ" ಎಂದು ಅವ್ವ ಕಳಿಸುತ್ತಿದ್ದಳು. ಫೋನಿನಲ್ಲಿ ಇದನ್ನೆಲ್ಲ ಕೇಳುತ್ತ ನನಗೆ ನಿದ್ದೆ ಬರುತ್ತಿರಲಿಲ್ಲ. ಬಿಡಿಸಲು ಹೋಗಿ ಇನ್ನಷ್ಟು ಗಂಟು ಹಾಕಿದ್ದೆ.

ಸರಿ, ಬಿದ್ದವಳು ಬಿದ್ದಲ್ಲೇ ಇರುವವಳಲ್ಲ ನಾನು. ಈ ಸಲ ವಿಡಿಯೋ ಒಂದಲ್ಲ, ಹತ್ತು ನೋಡಿದೆ, ಪೂರ್ತಿ ನೋಡಿದೆ. ಎಲುಬಿನ ಹಿಂದೆ ಒಂದು ತೆಳು ಪೊರೆ ಇರುತ್ತದೆ, ಅದನ್ನು ಸುಲಿಯದಿದ್ದರೆ ಜನ್ಮದಲ್ಲಿ ಮೆತ್ತಗಾಗುವುದಿಲ್ಲ ಎಂದು ಆಗ ತಿಳಿಯಿತು. ಗಂಡ ಮತ್ತೆ ಕಣಗಲಾಕ್ಕೆ ಹೋಗಿ ಬಂದರು. ಶನಿವಾರ ಸಂಜೆಯೇ ಕೌಜಲಗಿ ಸೇರಿ, ಹಿತ್ತಲಲ್ಲಿ ಕೂತು ಪೊರೆ ಸುಲಿದೆ. ಮೊಸರು, ಹಸಿ ಪಪ್ಪಾಯಿ, ಶುಂಠಿ, ಬಳ್ಳೊಳ್ಳಿ, ಅವ್ವ ಕುಟ್ಟಿಸಿದ ಮಸಾಲಿ ಖಾರ ಎಲ್ಲ ಅರೆದು ಹಚ್ಚಿ, ಐಸ್ ಡಬ್ಬಿಯಲ್ಲಿ ಹಿತ್ತಲಲ್ಲೇ ಇಟ್ಟೆವು. ಫ್ರಿಜ್ಜಿನ ಹತ್ತಿರ ಸುಳಿಯಲೂ ಅವ್ವ ಬಿಡಲಿಲ್ಲ.

ಮರುದಿನ ಫಾಯಿಲ್ ಕಾಗದದಲ್ಲಿ ಚೂರು ನೀರು ಚಿಮುಕಿಸಿ, ಪಕ್ಕೆಲುಬನ್ನು ಬಿಗಿಯಾಗಿ ಸುತ್ತಿ, ಸಣ್ಣ ಉರಿಗೆ ಇಟ್ಟೆ. ಒಂದೂವರೆ ತಾಸು. ಮಷೀನಿನ ಬುಟ್ಟಿ ಎಳೆದು ನೋಡುವ ಚಟ ಎಷ್ಟು ಕಾಡಿತೆಂದರೆ, ನನ್ನ ಕೈ ಮೇಲೆ ನಾನೇ ಕೂತುಕೊಂಡೆ. ಆಮೇಲೆ ಕಾಗದ ಬಿಚ್ಚಿ, ಮೂಡಲಗಿ ಸಂತೆಯ ಬೆಲ್ಲವನ್ನು ಹುಣಸೆ ರಸದಲ್ಲಿ ಕರಗಿಸಿ ಮೇಲೆ ಸವರಿ, ಉರಿ ಏರಿಸಿದೆ. ಬೆಲ್ಲ ಚಟಪಟ ಗುಳ್ಳೆಯೆದ್ದು ಕಂದಿತು. ಚಿಮುಟದಲ್ಲಿ ಎತ್ತಲು ಹೋದರೆ ಎಲುಬು ಮಾತ್ರ ಮೇಲೆ ಬಂತು, ಮಾಂಸ ಗಂಗಾಳದಲ್ಲೇ ಉಳಿಯಿತು.

"ಅಪ್ಪಾ," ಎಂದೆ. "ಬಾ ಹೊರಗ."

"ನಂಗ ಹಲ್ಲಿಲ್ಲ."

"ಬ್ಯಾಡೇ ಬ್ಯಾಡ ಹಲ್ಲು."

ಟವೆಲ್ ಮುಚ್ಚಿಕೊಂಡೇ ಬಂದ. ಗೋಡೆಗೆ ಆತು ಕೂತ. ಒಂದು ಚೂರನ್ನು ಟವೆಲ್ಲಿನ ಸಂದಿಯಿಂದ ಬಾಯಿಗೆ ಹಾಕಿಕೊಂಡ. ಒಸಡಿನಿಂದ ಒತ್ತಿದ. ದವಡೆ ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು, ನಿಂತಿತು. ಅವ್ವ, ನಾನು, ನನ್ನ ಗಂಡ ಉಸಿರು ಹಿಡಿದು ನಿಂತಿದ್ದೆವು.

"ಎಲುಬು ಕೊಡ ಇಲ್ಲಿ," ಎಂದ ಅಪ್ಪ.

ಟವೆಲ್ ಜಾರಿ ಬಿತ್ತು, ಅವನಿಗೆ ಗೊತ್ತಾಗಲಿಲ್ಲ. ಎಲುಬು ಚೀಪಿದ, ಬೆರಳು ನೆಕ್ಕಿದ, ಇನ್ನೊಂದಕ್ಕೆ ಕೈ ಚಾಚಿದ. ಗಲ್ಲದ ಮೇಲೆಲ್ಲ ಬೆಲ್ಲದ ಜಿಡ್ಡು. ನಾನು ಮಾತಾಡಿಸಿದೆ, ಕೇಳಲೇ ಇಲ್ಲ ಅವನಿಗೆ. ಆಹಾ, ಆ ಕಿವುಡು ಕಂಡು ನನಗೆ ಎಂಥ ಸಂತೋಷವಾಯಿತು!

ಆಗಲೇ ಬಾಜೂ ಮನೆಯ ಗಿಡ್ಡ ಗೋಡೆಯ ಮೇಲೆ ಕಾಕಾನ ತಲೆ ಕಂಡಿತು. ವಾಸನೆ ಎಳೆದು ತಂದಿತ್ತು. ಜ್ವರ ಬಂದ ಗೆಳೆಯನನ್ನು ನೋಡಿದ, ಗೆಳೆಯನ ಕೈಯಲ್ಲಿದ್ದ ಎಲುಬನ್ನು ನೋಡಿದ.

"ಏ, ಇದೇನಲೇ? ವ್ರತ?"

ಟವೆಲ್ ಎಲ್ಲಿದೆಯೆಂದು ಅಪ್ಪನ ಕೈ ಒಂದು ಗಳಿಗೆ ತಡಕಾಡಿತು. ಆಮೇಲೆ ಏನನ್ನಿಸಿತೋ, ಬಾಯನ್ನು ಅಗಲಕ್ಕೆ ತೆರೆದು ತೋರಿಸಿಬಿಟ್ಟ.

"ವ್ರತ ಇಲ್ಲ, ಮಣ್ಣಿಲ್ಲ. ಹಲ್ಲಿಲ್ಲಲೇ ನಂಗ! ಒಂದೂ ಇಲ್ಲ! ವರ್ಷ ಆತು!" ಓಣಿಗೆಲ್ಲ ಕೇಳುವಂತೆ ಕೂಗಿದ. "ನೀ ನಗತಿ ಅಂತ ಹೇಳಲಿಲ್ಲ. ನಗು ಈಗ."

ಕಾಕಾ ನಗಲಿಲ್ಲ. ಗೋಡೆ ಹಾರಿ ಈಚೆ ಬಂದು ಅಪ್ಪನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ. ಅವನ ಕಣ್ಣು ತುಂಬಿತ್ತು, ಮೀಸೆ ಸಿಟ್ಟಿಗೆ ಅದುರುತ್ತಿತ್ತು.

"ಮಂಗ್ಯಾ! ನೀ ವ್ರತ ಹಿಡದಿ ಅಂತ ನಾನೂ ಬಿಟ್ಟೇನಲ್ಲೋ! ನಿನ್ನ ಬಿಟ್ಟು ಒಬ್ಬನ ಹ್ಯಾಂಗ ತಿನ್ನೂದು ಅಂತ, ಇಷ್ಟ ಗಟ್ಟಿ ಹಲ್ಲ ಇಟಗೊಂಡು ವರ್ಷಪೂರ್ತಿ ಚವಳಿಕಾಯಿ ಪಲ್ಯಾ ತಿಂದೇನಲ್ಲೋ!"

ಅಪ್ಪ ಸರಿದು ಗೋಡೆಯ ಪಕ್ಕ ಜಾಗ ಮಾಡಿಕೊಟ್ಟು, ಗಂಗಾಳವನ್ನು ಇಬ್ಬರ ನಡುವೆ ಎಳೆದುಕೊಂಡ.